ಹಕ್ಕಿಗಳಿಗೆ ಕಾಳುಬಟ್ಟಲು: ಮಕ್ಕಳಿಂದ ಮಾಡಿಸುವ ಕ್ರಮ

ಜೋಳ, ಸಜ್ಜೆಗಳ ತೆನೆಯು ಹಾಲುಗಟ್ಟುವ ಕಾಲದಲ್ಲಿ ಕೈಯಲ್ಲಿ ಕವಣೆಯನ್ನು ಹಿಡಿದು, ಅಟ್ಟಣೆಯ ಮೇಲೆ ಕುಳಿತು ಹಗಲೆಲ್ಲಾ ಹಕ್ಕಿಗಳನ್ನು ಬೆದರಿಸುವ ರೈತನಿಗೆ, ಅದೇ ಹಕ್ಕಿಗಳಿಗೆ ಮನೆಯ ಮಕ್ಕಳ ಕೈಯಿಂದ ಕಾಳು ಹಾಕಿಸುವುದು ಒಳ್ಳೆಯದೆಂದು ಹೇಳಿದರೆ ಪರಿಹಾಸ್ಯದ ಮಾತಾಗಿ ತೋರಬಹುದು. ಆದರೆ ವಿಚಾರಮಾಡಿ ನೋಡಿದಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧವಾದುವಲ್ಲ. ಹಕ್ಕಿಯು ಹೊಲಕ್ಕೆ ಯಾವ ತಿಂಗಳಲ್ಲಿ ಉಪದ್ರವಕಾರಿ, ಯಾವ ತಿಂಗಳಲ್ಲಿ ಉಪಕಾರಿ ಎಂಬುದನ್ನು ಅರಿತವನೇ ತನ್ನ ಬೆಳೆಯನ್ನು ಕಡಮೆ ವೆಚ್ಚದಲ್ಲಿ ಕಾಪಾಡಿಕೊಳ್ಳಬಲ್ಲನು. ಈ ಅರಿವು ಪುಸ್ತಕದಿಂದ ಬರುವುದಕ್ಕಿಂತ ಹೆಚ್ಚಾಗಿ, ಬಾಲ್ಯದಲ್ಲಿ ಮನೆಯ ಜಗಲಿಯ ಮೇಲೆ ಕುಳಿತು ಹಕ್ಕಿಗಳನ್ನು ನೋಡಿ ಬೆಳೆದುದರಿಂದ ಬರತಕ್ಕದ್ದು. ಅದಕ್ಕೆ ಅತಿ ಸುಲಭವಾದ ಸಾಧನವೆಂದರೆ ಮಕ್ಕಳು ತಾವೇ ಮಾಡಿ ತೂಗುಹಾಕಿದ ಒಂದು ಕಾಳುಬಟ್ಟಲು. ಅದನ್ನು ಮಾಡುವ ಕ್ರಮವನ್ನೂ, ಕ್ರಮ ತಪ್ಪಿದರೆ ಆಗುವ ಕೆಡುಕನ್ನೂ ಇಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ಹಳೆಯ ಬಡಾವಣೆಗಳಿಂದ ಕಲಿಯತಕ್ಕ ಪಾಠ

ಗ್ರಾಮದ ಮುಖಂಡರಿಗೆ ಪಟ್ಟಣದ ವಿಚಾರವೇಕೆಂದು ಕೇಳಬಹುದು. ಧಾನ್ಯವು ಅಂಗಳದಿಂದ ಮರೆಯಾದ ಮೇಲೆ ಹಕ್ಕಿಯ ಗತಿ ಏನಾಗುವುದೆಂಬುದು ಮೊದಲು ತಿಳಿಯಬಂದುದು ಪಟ್ಟಣದಲ್ಲಿಯೇ. ಅಲ್ಲದೆ ಅನೇಕ ಜಮೀನುದಾರರ ಮಕ್ಕಳೂ ಮೊಮ್ಮಕ್ಕಳೂ ಈಗ ಬೆಂಗಳೂರಿನಲ್ಲಿ ನೆಲಸಿರುವರು. ಅವರ ಮನೆಯ ರಾಗಿಯ ಮೂಟೆ ಮಾತ್ರ ಊರಿನಿಂದ ಹೋಗುತ್ತಲಿರುವುದು.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಇವು 19ನೆಯ ಶತಮಾನದ ಕೊನೆಯ ದಶಕದಲ್ಲಿ ಏರ್ಪಟ್ಟ ಬಡಾವಣೆಗಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿದ ಮೇಲೆ, ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳನ್ನು ಬಯಸಿ ಬಹುಮಂದಿ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಅಲ್ಲಿನ ಮನೆಗಳಿಗೆ ಹೆಂಚಿನ ಮಾಡು, ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬಾವಿ, ಬಾವಿಯ ಬಳಿ ತೆಂಗು, ಕರಿಬೇವು ಇರುತ್ತಿದ್ದುವು. ಹೆಂಗಸರು ಅಕ್ಕಿ ರಾಗಿಗಳನ್ನು ಅಂಗಳದಲ್ಲಿ ಮೊರದಿಂದ ಕೇರಿದಾಗ ಉದುರಿದ ನುಚ್ಚೂ ಹುಳುವೂ ಗುಬ್ಬಚ್ಚಿಗಳ ಪಾಲಾಗುತ್ತಿದ್ದುವು. ಬಾಗಿಲ ಮುಂದಣ ರಂಗವಲ್ಲಿಯ ಅಕ್ಕಿಹಿಟ್ಟನ್ನು ಇರುವೆಯೂ ಗುಬ್ಬಿಯೂ ಹಂಚಿಕೊಳ್ಳುತ್ತಿದ್ದುವು. ಹೆಂಚಿನ ಸಂದಿನಲ್ಲಿಯೂ, ಗೋಡೆಗೆ ಓರೆಯಾಗಿ ತಗುಲಿಹಾಕಿದ ದೇವರ ಪಟದ ಹಿಂದೆಯೂ ಗುಬ್ಬಿಯ ಗೂಡಿರುತ್ತಿತ್ತು. ಯಾರೂ ಬೇರೆಯಾಗಿ ಕಾಳುಬಟ್ಟಲನ್ನು ಕಟ್ಟಬೇಕಾಗಿರಲಿಲ್ಲ, ಮನೆಯೇ ಕಾಳುಬಟ್ಟಲಾಗಿತ್ತು.

ಕಾಲಕ್ರಮದಲ್ಲಿ ಹೆಂಚಿನ ಮನೆಗಳು ಹೋಗಿ ಕಾಂಕ್ರೀಟಿನ ಕಟ್ಟಡಗಳು ಎದ್ದುವು. ಶುದ್ಧಿಮಾಡಿ ಪೊಟ್ಟಣ ಕಟ್ಟಿದ ಧಾನ್ಯವು ಅಂಗಡಿಯಿಂದ ನೇರವಾಗಿ ಡಬ್ಬಿಯನ್ನು ಸೇರತೊಡಗಿತು. ಹಿತ್ತಲು ಹೋದುದರಿಂದ ಗಿಡವೂ, ಗಿಡದೊಡನೆ ಹುಳುವೂ ಹೋದುವು. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ಇಡೀ ದೇಶವನ್ನು ನೋಡಿದರೆ ಗುಬ್ಬಚ್ಚಿಯ ಸಂಖ್ಯೆಯು 25 ವರ್ಷಗಳಿಂದ ಹೆಚ್ಚುಕಡಮೆ ಸ್ಥಿರವಾಗಿಯೇ ಇದೆಯೆಂದೂ, ಆದರೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಕ್ರಮೇಣ ಇಳಿಮುಖವಾಗಿರುವುದೆಂದೂ ತಿಳಿಸಿತು. ಎಂದರೆ ಗುಬ್ಬಿಯನ್ನು ಉಳಿಸಿಕೊಂಡಿರುವುದು ಬಹುಮಟ್ಟಿಗೆ ಹಳ್ಳಿಯೇ. ಆದರೆ ಹಳ್ಳಿಯಲ್ಲಿಯೂ ಕಣವು ಮರೆಯಾಗಿ, ಹೆಂಚು ಹೋಗಿ, ಔಷಧದ ಸಿಂಪರಣೆ ಹೆಚ್ಚುತ್ತಿರುವುದರಿಂದ ಪಟ್ಟಣದ ಗತಿಯು ಇಲ್ಲಿಗೂ ಬಾರದಂತೆ ನೋಡಿಕೊಳ್ಳುವುದು ಅವಶ್ಯಕ.

ಹಿಂದಿನವರ ರೂಢಿ

ಬೆಳೆಯಲ್ಲಿ ಒಂದು ಪಾಲು ಪ್ರಾಣಿಪಕ್ಷಿಗಳದೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯ ಹಿಂದಿರುವ ಐತಿಹ್ಯವೂ ಇದನ್ನೇ ಹೇಳುವುದು. ಸುಂಕೇನಹಳ್ಳಿ ಮೊದಲಾದ ಗ್ರಾಮಗಳ ರೈತರು ತಮ್ಮ ಕಡಲೆಕಾಯಿಯ ಹೊಲಗಳಿಗೆ ಬೀಳುತ್ತಿದ್ದ ಬಸವನನ್ನು ಮೊದಲು ಹೊಡೆದಟ್ಟಿ, ಆಮೇಲೆ ಪಶ್ಚಾತ್ತಾಪಪಟ್ಟು, ಮೊದಲ ಬೆಳೆಯನ್ನು ಅವನಿಗೇ ಅರ್ಪಿಸುವ ಹರಕೆ ಹೊತ್ತರೆಂದು ಪ್ರತೀತಿ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಯವರೆಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುವರು. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಕಡಲೆ ತೊಗರಿಗಳಿಗೆ ಬಿದ್ದ ಕಾಯಿಕೊರಕ ಹುಳುವನ್ನೂ ಹೆಕ್ಕಿ ತಿನ್ನುವುವು. ಕರಾವಳಿಯಲ್ಲಿ ಹೊಸ ಭತ್ತದ ಕದಿರನ್ನು ತಂದು ಮನೆಗೆ ಕಟ್ಟುವ ಹಬ್ಬವುಂಟು. ಮಕ್ಕಳ ಕಾಳುಬಟ್ಟಲು ಈ ರೂಢಿಗಳ ಚಿಕ್ಕ ರೂಪವೇ ಆಗಿದೆ.

ಹಕ್ಕಿಯಿಂದಾಗುವ ಉಪಕಾರ

ಗುಬ್ಬಿಯು ಕಾಳು ತಿನ್ನುವ ಹಕ್ಕಿಯಾದರೂ ಅದರ ಮರಿಯು ಕಾಳು ತಿಂದು ಬೆಳೆಯಲಾರದು. ಮೊಟ್ಟೆಯೊಡೆದು ಬಂದ ಮರಿಗೆ ತಾಯಿತಂದೆಗಳು ಮೊದಲ ದಿನಗಳಲ್ಲಿ ಮುಖ್ಯವಾಗಿ ಕಂಬಳಿಹುಳು, ಹಸುರುಹುಳು, ಸಸ್ಯಹೇನು, ಎಳೆಯ ಮಿಡತೆ ಮುಂತಾದುವನ್ನೇ ತಂದು ಉಣಿಸುವುವು. ಮರಿಯು ಗೂಡಿನಲ್ಲಿರುವ ಸುಮಾರು ಎರಡು ವಾರಗಳ ಕಾಲ ಈ ಕೆಲಸವು ಹಗಲೆಲ್ಲಾ ಬಿಡುವಿಲ್ಲದೆ ನಡೆಯುವುದು. ಗೊರವಂಕವು ನೇಗಿಲ ಹಿಂದೆ ನಡೆದು ಮಣ್ಣಿನಿಂದೆದ್ದ ಹುಳುಗಳನ್ನು ಆಯುವುದೂ, ಕಾಜಾಣವು ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿಯುವುದೂ ಪ್ರತಿಯೊಬ್ಬ ರೈತನೂ ಕಂಡಿರುವ ಸಂಗತಿ. ಬಿಹಾರದ ಪೂಸಾ ಕೃಷಿ ಸಂಶೋಧನಾಲಯದಲ್ಲಿ ಮೇಸನ್ ಮತ್ತು ಮ್ಯಾಕ್ಸ್‌ವೆಲ್ ಲೆಫ್ರಾಯ್ ಎಂಬ ವಿದ್ವಾಂಸರು ಹಕ್ಕಿಗಳ ಜಠರಗಳನ್ನು ಸೀಳಿ, ಒಳಗೆ ದೊರೆತ ಕಾಳು ಕೀಟಗಳನ್ನು ಪರಿಶೀಲಿಸಿ, ಭಾರತದ ಹಕ್ಕಿಗಳ ಆಹಾರವನ್ನು ಕುರಿತ ಗ್ರಂಥವನ್ನು 1912ರಲ್ಲಿಯೇ ಪ್ರಕಟಿಸಿದರು. ಒಂದು ಹಕ್ಕಿ ಶತ್ರುವೋ ಮಿತ್ರನೋ ಎಂಬುದನ್ನು ಊಹೆಯಿಂದಲ್ಲ, ಅದು ತಿಂದುದನ್ನು ನೋಡಿ ನಿರ್ಣಯಿಸಬೇಕೆಂಬ ಕ್ರಮವು ಈ ದೇಶದಲ್ಲಿ ಅಷ್ಟು ಹಳೆಯದು.

ನೋಡದೆ ನಿರ್ಣಯಿಸಿದರೆ ಏನಾಗುವುದೆಂಬುದಕ್ಕೆ ಚೀನಾ ದೇಶವು ನಿದರ್ಶನ. 1958ರಲ್ಲಿ ಅಲ್ಲಿನ ಸರ್ಕಾರವು ಇಲಿ, ನೊಣ, ಸೊಳ್ಳೆಗಳೊಡನೆ ಗುಬ್ಬಿಯನ್ನೂ ಸೇರಿಸಿ, ನಾಲ್ಕು ಪೀಡೆಗಳನ್ನು ನಿರ್ಮೂಲ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಜನರು ತಮಟೆ ಬಡಿದು, ಕೂರಲು ಬಿಡದೆ ಅಟ್ಟಿ, ಗುಬ್ಬಿಗಳನ್ನು ಕೊಂದರು. ಗುಬ್ಬಿಗಳು ಹೋದ ಮೇಲೆ ಹುಳುಗಳ ಕಾಟ ಮಿತಿಮೀರಿತು. 1960ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ತಿಗಣೆಯ ಹೆಸರನ್ನು ಸೇರಿಸಬೇಕಾಯಿತು. ಆ ವರ್ಷಗಳಲ್ಲಿ ಆ ದೇಶವನ್ನು ಕಾಡಿದ ಘೋರ ಕ್ಷಾಮಕ್ಕೆ ಕಾರಣಗಳು ಹಲವಿದ್ದರೂ ಇದೂ ಅವುಗಳಲ್ಲೊಂದು.

ಕಾಳುಬಟ್ಟಲನ್ನು ಮಾಡುವ ಕ್ರಮ

ಇದಕ್ಕೆ ಹಣವನ್ನು ವೆಚ್ಚಮಾಡತಕ್ಕ ಅವಶ್ಯಕತೆಯಿಲ್ಲ. ಮನೆಯಲ್ಲಿ ಸಿಕ್ಕುವ ಸಾಮಾನುಗಳೇ ಸಾಕು. ಈ ಕೆಳಗೆ ಕಂಡ ಮೂರು ಬಗೆಗಳಲ್ಲಿ ಮಕ್ಕಳ ವಯಸ್ಸಿಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು.

1. ತೆನೆಯ ಗೊಂಚಲು. ಇದು ಮೂರು ನಾಲ್ಕು ವರ್ಷದ ಮಗುವಿಗೂ ಸಾಧ್ಯ. ರಾಗಿ, ನವಣೆ ಅಥವಾ ಭತ್ತದ 15–20 ತೆನೆಗಳನ್ನು ಒಂದು ಅಡಿ ಉದ್ದದ ಕಡ್ಡಿಯೊಡನೆ ಕೊಯ್ದು, ನೆರಳಿನಲ್ಲಿ ಒಣಗಿಸಬೇಕು. ಮಗುವು ತೆನೆಗಳನ್ನು ಒಂದೊಂದಾಗಿ ಎಣಿಸಿ ಜೋಡಿಸಿಕೊಡಲಿ. ದೊಡ್ಡವರು ಬಾಳೆಯ ನಾರಿನಿಂದ ಬಿಗಿದು, ತೆನೆಗಳು ಕೆಳಮುಖವಾಗುವಂತೆ ಸೂರಿನ ಕೆಳಗೆ ತೂಗುಹಾಕಲಿ. ಹಕ್ಕಿಯು ತೆನೆಯನ್ನೇ ಹಿಡಿದು ಜೋತಾಡುತ್ತಾ ಕಾಳನ್ನು ಬಿಡಿಸಿಕೊಳ್ಳುವುದರಿಂದ ನೋಟವೂ ಚೆನ್ನು, ನಷ್ಟವೂ ಕಡಮೆ.

2. ಕರಟದ ಬಟ್ಟಲು. ಐದರಿಂದ ಎಂಟು ವರ್ಷದ ಮಕ್ಕಳಿಗೆ ಇದು ಯೋಗ್ಯ. ಒಂದು ತೆಂಗಿನಕಾಯಿಯ ಎರಡು ಹೋಳುಗಳ ಕರಟವನ್ನೂ ತೆಗೆದುಕೊಂಡು, ಒಳಗೆ ಕೊಬ್ಬರಿಯ ಅಂಶ ಉಳಿಯದಂತೆ ಕೆರೆದು, ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಹೊರಗಿನ ನಾರನ್ನು ಮರಳು ಕಾಗದದಿಂದ ಉಜ್ಜಿ ನಯಮಾಡುವ ಕೆಲಸವನ್ನು ಮಕ್ಕಳಿಗೆ ಬಿಡಬಹುದು. ಕಣ್ಣಿಲ್ಲದ ಹೋಳು ಬಟ್ಟಲು. ಕಣ್ಣಿರುವ ಹೋಳು ಅದರ ಮೇಲಣ ಕೊಡೆ. ಬಟ್ಟಲಿನ ಅಂಚಿನಿಂದ ಅರ್ಧ ಅಂಗುಲ ಕೆಳಗೆ, ಸಮಾನ ದೂರದಲ್ಲಿ ಮೂರು ತೂತುಗಳನ್ನೂ, ನೀರು ಬಸಿದುಹೋಗಲು ತಳದಲ್ಲಿ ಸಣ್ಣ ತೂತುಗಳೆರಡನ್ನೂ ಬೈರಿಗೆಯಿಂದ ದೊಡ್ಡವರೇ ಕೊರೆಯತಕ್ಕದ್ದು. ಈ ಕೆಲಸವನ್ನು ಮಕ್ಕಳಿಗೆ ಎಂದಿಗೂ ಬಿಡಬಾರದು. ಕೊಡೆಯ ಹೋಳಿನ ಮೂರು ಕಣ್ಣುಗಳಲ್ಲಿ ಒಂದು ಮೃದುವಾಗಿರುವುದು. ಅದು ಯಾವುದೆಂದು ಮಕ್ಕಳೇ ಒತ್ತಿ ಕಂಡುಹಿಡಿಯಲಿ, ಕಡ್ಡಿಯಿಂದ ಚುಚ್ಚಿ ತೆರೆಯಲಿ. ಬಟ್ಟಲಿನ ಮೂರು ತೂತುಗಳಿಂದ ಕತ್ತದ ಹುರಿಗಳನ್ನು ಎಳೆದು, ಬಟ್ಟಲಿಗೂ ಕೊಡೆಗೂ ನಡುವೆ ನಾಲ್ಕೈದು ಅಂಗುಲ ಎಡೆಯಿರುವಂತೆ ಒಂದು ದಪ್ಪ ಗಂಟನ್ನು ಹಾಕಿ, ಮೂರನ್ನೂ ಕೂಡಿಸಿ ಆ ಕಣ್ಣಿನಿಂದ ಮೇಲಕ್ಕೆ ಎಳೆದುಕೊಂಡರೆ ಬಟ್ಟಲು ಸಿದ್ಧವಾಗುವುದು. ರಾಗಿ ನವಣೆಗಳು ಸೋರಿಹೋಗದಂತೆ ತಳದಲ್ಲಿ ಸ್ವಲ್ಪ ತೆಂಗಿನ ನಾರನ್ನು ಹಾಸಬೇಕು.

3. ಬಿದಿರಿನ ಕೊಳವೆ. ಎರಡು ಕಡೆಯೂ ಗಿಣ್ಣಿರುವ, ಸುಮಾರು ಒಂದು ಅಡಿ ಉದ್ದದ ದಪ್ಪ ಬಿದಿರಿನ ತುಂಡಿನಲ್ಲಿ, ಒಂದು ಮಗ್ಗುಲಲ್ಲಿ ನಾಲ್ಕು ಅಂಗುಲ ಉದ್ದದ ಕಿಟಕಿಯನ್ನು ಉಳಿಯಿಂದ ತೆರೆಯಬೇಕು. ಸೀಳಿದ ಅಂಚು ಕತ್ತಿಯಂತೆ ಹರಿತವಾಗಿರುವುದರಿಂದ ಚೆನ್ನಾಗಿ ಉಜ್ಜಿದ ಮೇಲೆಯೇ ಮಕ್ಕಳ ಕೈಗೆ ಕೊಡತಕ್ಕದ್ದು. ಎರಡು ತುದಿಗಳಿಗೂ ಹುರಿ ಕಟ್ಟಿ ಅಡ್ಡಲಾಗಿ ತೂಗುಹಾಕಬೇಕು.

ಯಾವುದೇ ಬಗೆಗೂ ಬಣ್ಣ, ಅಂಟು, ನೈಲಾನ್ ದಾರ ಇವುಗಳನ್ನು ಉಪಯೋಗಿಸಕೂಡದು. ಸಣ್ಣ ದಾರವು ಹಕ್ಕಿಯ ಕಾಲಿಗೆ ಸುತ್ತಿಕೊಂಡು ಕಾಲನ್ನೇ ಕತ್ತರಿಸಬಲ್ಲದು. ಬಟ್ಟಲನ್ನು ನೆಲದಿಂದ ಆರು ಅಡಿಗೆ ಕಡಮೆಯಿಲ್ಲದ ಎತ್ತರದಲ್ಲಿ, ಬೆಕ್ಕು ಹಾರಿ ಹಿಡಿಯಲು ಅನುಕೂಲವಾಗುವ ಗೋಡೆ ಕೊಂಬೆಗಳಿಂದ ದೂರವಾಗಿ ಕಟ್ಟಬೇಕು. ಆದರೆ ಹೆದರಿದ ಹಕ್ಕಿ ಹಾರಿ ಅಡಗಿಕೊಳ್ಳಲು ನಾಲ್ಕಾರು ಮಾರು ದೂರದಲ್ಲಿ ಒಂದು ಪೊದೆಯೋ ಮರವೋ ಇರುವುದು ಲೇಸು. ಹೊಸ ಬಟ್ಟಲಿಗೆ ಹಕ್ಕಿಗಳು ಒಂದೆರಡು ವಾರ ಬಾರದಿರಬಹುದು. ಮಕ್ಕಳು ನಿರಾಶರಾಗದಂತೆ ಮೊದಲೇ ಹೇಳಿರಬೇಕು.

ಯಾವ ಕಾಳು, ಎಷ್ಟು

ನವಣೆ, ರಾಗಿ, ಸಜ್ಜೆ, ಭತ್ತ, ನುಚ್ಚಕ್ಕಿ, ಒಡೆದ ಜೋಳ ಇವು ಉತ್ತಮ. ಉಪ್ಪು ಹಾಕಿದ ಅಥವಾ ಎಣ್ಣೆಯಲ್ಲಿ ಕರಿದ ತಿಂಡಿ, ಬ್ರೆಡ್ಡು, ಬಿಸ್ಕತ್ತು ಕೂಡದು. ಬೂಜು ಹಿಡಿದ ಕಡಲೆಕಾಯಿ ಬೀಜವು ವಿಷಕ್ಕೆ ಸಮಾನವಾದುದು; ಮನುಷ್ಯನು ತಿನ್ನಲಾರದುದನ್ನು ಹಕ್ಕಿಗೆ ಹಾಕುವುದು ದಾನವಲ್ಲ. ಬೆಳಗ್ಗೆ ಮಗುವಿನ ಕೈಯಲ್ಲಿ ಒಂದು ಹಿಡಿ ಹಾಕಿದರೆ ಸಾಕು. ಮಧ್ಯಾಹ್ನದೊಳಗೆ ಮುಗಿದರೆ ಅಳತೆ ಸರಿ. ಸಂಜೆಗೆ ಉಳಿದರೆ ಮರುದಿನ ಕಡಮೆ ಮಾಡತಕ್ಕದ್ದು. ಉಳಿದುದನ್ನು ಕತ್ತಲಾಗುವ ಮೊದಲು ಒಳಗೆ ತರದಿದ್ದರೆ ಹಕ್ಕಿಗಿಟ್ಟ ಕಾಳಿಗೆ ಇಲಿಗಳು ಬರುವುವು.

ಪಟ್ಟಣದ ಚೌಕಗಳಲ್ಲಿ ಮೂಟೆಗಟ್ಟಲೆ ಜೋಳವನ್ನು ನೆಲದ ಮೇಲೆ ಚೆಲ್ಲುವ ರೂಢಿಯಿಂದ ಪಾರಿವಾಳಗಳು ಮಾತ್ರ ಮಿತಿಮೀರಿ ಹೆಚ್ಚಿರುವುವು. ಅವುಗಳ ಹಿಕ್ಕೆ ಗರಿಗಳ ಧೂಳನ್ನು ಬಹುಕಾಲ ಉಸಿರಾಡಿದವರಿಗೆ ಶ್ವಾಸಕೋಶದ ರೋಗವುಂಟಾಗುವುದು. ತೂಗಾಡುವ ಚಿಕ್ಕ ಕರಟದ ಮೇಲೆ ಭಾರವಾದ ಪಾರಿವಾಳವು ನಿಲ್ಲಲಾರದು; ಹಗುರವಾದ ಗುಬ್ಬಿಯು ನಿಲ್ಲಬಲ್ಲದು. ಆದಕಾರಣ ಅಗಲವಾದ ತಟ್ಟೆಗಿಂತ ಈ ಬಟ್ಟಲೇ ಮೇಲು.

ನೀರು

ಬೇಸಗೆಯಲ್ಲಿ ಕಾಳಿಗಿಂತ ನೀರೇ ಮುಖ್ಯ. ಅಗಲ ಬಾಯಿಯ, ಎರಡು ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಟ್ಟು, ಹಕ್ಕಿಯು ನಿಲ್ಲಲು ಒಂದೆರಡು ಕಲ್ಲುಗಳನ್ನು ಇಡಬೇಕು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆಯು ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುವುದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಇಂತಹ ತಟ್ಟೆಯ ನೀರನ್ನೇ ಬಯಸುವುದು. ಆದುದರಿಂದ ದಿನವೂ ನೀರನ್ನು ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರನ್ನು ತುಂಬತಕ್ಕದ್ದು. ಈ ಕೆಲಸವನ್ನು ಒಂದು ಮಗುವಿಗೆ ಹೆಸರು ಹೇಳಿ ಒಪ್ಪಿಸಿದರೆ ತಪ್ಪದೆ ನಡೆಯುವುದು.

ಬಿತ್ತನೆಯ ಬೀಜದ ವಿಷಯದಲ್ಲಿ ಮುಖ್ಯವಾದ ಎಚ್ಚರಿಕೆ

ಪಟ್ಟಣದ ಮನೆಯಲ್ಲಿಲ್ಲದ ಒಂದು ಅಪಾಯವು ರೈತನ ಮನೆಯಲ್ಲುಂಟು. ಬಿತ್ತಿ ಉಳಿದ ಬೀಜವು ಚೀಲದಲ್ಲಿ ಮೂಲೆಗೆ ಬಿದ್ದಿರುವುದು; ಹೇಗೂ ವ್ಯರ್ಥವಾಗುವುದೆಂದು ಅದನ್ನು ಹಕ್ಕಿಗೆ ಹಾಕಲು ಮಕ್ಕಳಿಗೆ ಕೊಡುವ ಸಂಭವವುಂಟು. ಉಪಚಾರಮಾಡಿದ ಬೀಜಕ್ಕೆ ಥೈರಾಮ್, ಕಾರ್ಬೆಂಡಜಿಮ್, ಇಮಿಡಾಕ್ಲೋಪ್ರಿಡ್ ಮುಂತಾದ ಔಷಧಗಳನ್ನು ಲೇಪಿಸಿ, ಗುರುತಿಗಾಗಿ ಕೆಂಪು ಅಥವಾ ಬೇರೆ ಬಣ್ಣವನ್ನು ಬೆರೆಸಿರುತ್ತಾರೆ. ಇಮಿಡಾಕ್ಲೋಪ್ರಿಡ್ ಲೇಪಿಸಿದ ಕೆಲವೇ ಕಾಳುಗಳು ಗುಬ್ಬಿಯಂತಹ ಚಿಕ್ಕ ಹಕ್ಕಿಯನ್ನು ಕೊಲ್ಲಬಲ್ಲವು. ತೊಳೆದು ಬಣ್ಣವನ್ನು ಹೋಗಲಾಡಿಸಿದ ಮಾತ್ರಕ್ಕೆ ವಿಷವು ಹೋಗುವುದಿಲ್ಲ. ಬಣ್ಣವು ಮಕ್ಕಳ ಕಣ್ಣನ್ನು ಸೆಳೆಯುವುದರಿಂದ ಅವರಿಗೂ ಇದು ಅಪಾಯಕರ. ಇಂತಹ ಬೀಜವನ್ನು ಬೀಗದೊಳಗಿಡತಕ್ಕದ್ದು. ಬೇಡವಾದುದನ್ನು ಬಾವಿ ಕೆರೆಗಳಿಂದ ದೂರವಾಗಿ ಆಳದ ಗುಂಡಿಯಲ್ಲಿ ಹೂಳತಕ್ಕದ್ದು. ಬಿತ್ತುವಾಗ ಹೊಲದ ಅಂಚಿನಲ್ಲಿ ಚೆಲ್ಲಿದ ಕಾಳುಗಳನ್ನೂ ಮಣ್ಣಿನಲ್ಲಿ ಮುಚ್ಚಬೇಕು. ಇಲಿಗಳಿಗಾಗಿ ಕಾಳಿನೊಡನೆ ಜಿಂಕ್ ಫಾಸ್ಫೈಡ್ ಬೆರೆಸಿ ಇಟ್ಟಿರುವ ಮನೆಯಲ್ಲಿ, ಆ ದಿನಗಳಲ್ಲಿ ಕಾಳುಬಟ್ಟಲನ್ನು ಇಳಿಸಿಬಿಡುವುದು ಕ್ಷೇಮ. ಗ್ರಾಮದ ಮುಖಂಡರು ಈ ಒಂದು ವಿಷಯವನ್ನು ಬಿತ್ತನೆಯ ಕಾಲದಲ್ಲಿ ಶಾಲೆಯ ಮಕ್ಕಳಿಗೆ ಹೇಳಿಸಿದರೂ ದೊಡ್ಡ ಉಪಕಾರವಾಗುವುದು.

ಶುಚಿತ್ವವೂ ಅಷ್ಟೇ ಮುಖ್ಯ. ವಾರಕ್ಕೊಮ್ಮೆ ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಳದ ನಾರನ್ನು ಬದಲಾಯಿಸಬೇಕು. ಕಾಳು ಹಾಕಿದ ಮೇಲೆ ಮಕ್ಕಳು ಸೋಪಿನಿಂದ ಕೈತೊಳೆಯಬೇಕು. ಗರಿಕೆದರಿ ಮಂಕಾಗಿ ಕುಳಿತ ಹಕ್ಕಿಗಳು ಕಂಡರೆ ಎರಡು ವಾರ ಕಾಳು ಹಾಕುವುದನ್ನು ನಿಲ್ಲಿಸತಕ್ಕದ್ದು. ಗುಂಪುಗೂಡುವುದರಿಂದ ರೋಗವು ಒಂದರಿಂದೊಂದಕ್ಕೆ ಹರಡುವುದು. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ, ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಪಶುವೈದ್ಯರಿಗೆ ತಿಳಿಸಬೇಕು. ಕೋಳಿಗೂಡಿನ ಹತ್ತಿರ ಬಟ್ಟಲನ್ನು ಎಂದಿಗೂ ಕಟ್ಟಕೂಡದು. ಬಟ್ಟಲಿಗೆ ಬಂದ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅಪರಾಧವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ಬೆಳೆಯ ಕಾಲದಲ್ಲಿ ಅನುಸರಿಸತಕ್ಕ ಕ್ರಮ

ಮನೆಯಲ್ಲಿ ಕಾಳು ಹಾಕಿದರೆ ಹಕ್ಕಿಗಳು ಹೊಲಕ್ಕೂ ಹೆಚ್ಚಾಗಿ ಬಾರವೇ ಎಂಬ ಸಂದೇಹವು ನ್ಯಾಯವಾದುದೇ. ಕಿರುಧಾನ್ಯಗಳು ಹಾಲುಗಟ್ಟುವುದರಿಂದ ಹಿಡಿದು ಬಲಿಯುವವರೆಗೆ ಗುಬ್ಬಿ, ಗೀಜಗ, ರಾಟವಾಳ, ಗಿಳಿಗಳಿಂದ ನಿಜವಾಗಿಯೂ ನಷ್ಟವುಂಟು. ಆದುದರಿಂದ ಮನೆಯ ಪಕ್ಕದಲ್ಲಿಯೇ ಹೊಲವಿರುವವರು ಆ ಕೆಲವು ವಾರಗಳಲ್ಲಿ ಬಟ್ಟಲನ್ನು ಇಳಿಸಿ, ನೀರನ್ನು ಮಾತ್ರ ಇಡಬೇಕು. ಹೊಲದಲ್ಲಿ ಶಬ್ದದಿಂದಲೂ ಬೆದರುಬೊಂಬೆಯಿಂದಲೂ ಹಕ್ಕಿಗಳನ್ನು ಬೆದರಿಸಬೇಕು. ಬೆದರಿಸುವುದು ನ್ಯಾಯ, ವಿಷವಿಟ್ಟು ಕೊಲ್ಲುವುದು ಅನ್ಯಾಯ ಮತ್ತು ಅವಿವೇಕ. ತೊಗರಿ ಕಡಲೆಗಳ ಹೊಲದಲ್ಲಾದರೋ ಹಕ್ಕಿಗಳನ್ನು ಕರೆಯಬೇಕು. ಎಕರೆಗೆ ಸುಮಾರು ಇಪ್ಪತ್ತರಂತೆ, ಬೆಳೆಗಿಂತ ಎತ್ತರವಾದ ಕವಲುಕೋಲುಗಳನ್ನು ನೆಟ್ಟರೆ ಕಾಜಾಣ ಮುಂತಾದುವು ಅವುಗಳ ಮೇಲೆ ಕುಳಿತು ಕಾಯಿಕೊರಕವನ್ನು ಹಿಡಿಯುವುವು. ಈ ಕೋಲುಗಳನ್ನು ನೆಡುವ ಕೆಲಸದಲ್ಲಿಯೂ ಮಕ್ಕಳನ್ನು ಸೇರಿಸಿಕೊಳ್ಳಬಹುದು.

ಕಾಳು ತಿನ್ನದ ಹಕ್ಕಿಗಳಿಗೆ ಮರವೇ ಬಟ್ಟಲು. ಬೆಂಗಳೂರಿನ ಬೀದಿಗಳಲ್ಲಿ ಗಸಗಸೆ ಮರದ ಚಿಕ್ಕ ಹಣ್ಣುಗಳಿಗೆ ಪಿಕಳಾರ, ಕುಟ್ರುಹಕ್ಕಿಗಳು ಬರುವುದನ್ನು ಯಾರು ಬೇಕಾದರೂ ನೋಡಬಹುದು. ಹಳ್ಳಿಯ ಗುಂಡುತೋಪಿನಲ್ಲಿ ಅತ್ತಿ, ಆಲ, ಅರಳಿ, ನೇರಿಲೆಗಳನ್ನು ಉಳಿಸಿಕೊಂಡರೆ ಸಾವಿರ ಬಟ್ಟಲುಗಳನ್ನು ಕಟ್ಟಿದಂತೆ.

ಎಣಿಕೆಯ ಪುಸ್ತಕ

ಕಾಳು ಹಾಕಿ ಸುಮ್ಮನಾದರೆ ಅರ್ಧ ಕೆಲಸವಾದಂತೆ. ಅಕ್ಷರ ಕಲಿತ ಮಗುವು ದಿನಾಂಕ, ಹೊತ್ತು, ಬಂದ ಹಕ್ಕಿಯ ಹೆಸರು, ಸಂಖ್ಯೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಹೆಸರು ತಿಳಿಯದಿದ್ದರೆ ಬಣ್ಣವನ್ನೂ ಕೊಕ್ಕಿನ ಆಕಾರವನ್ನೂ ಬರೆದು ಹಿರಿಯರನ್ನು ಕೇಳಲಿ. ಹಿರಿಯರಿಗೆ ತಿಳಿದಿರುವ ಹಕ್ಕಿಗಳ ಕನ್ನಡದ ಹೆಸರುಗಳು ಹೀಗೆ ಮುಂದಿನವರಿಗೆ ಉಳಿಯುವುವು. ಪ್ರತಿ ವರ್ಷವೂ ಫೆಬ್ರವರಿ ತಿಂಗಳಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಹದಿನೈದು ನಿಮಿಷ ನೋಡಿ ಎಣಿಸಿದವರೆಲ್ಲರೂ ಭಾಗಿಗಳಾಗಬಹುದು. ಮೇಲೆ ಹೇಳಿದ 2020ರ ವರದಿಯು ಇಂತಹ ಸಾಮಾನ್ಯ ಜನರ ಎಣಿಕೆಗಳಿಂದಲೇ ಸಿದ್ಧವಾದುದು. ಮಾರ್ಚ್ 20ನ್ನು 2010ರಿಂದ ಗುಬ್ಬಚ್ಚಿಗಳ ದಿನವೆಂದು ಆಚರಿಸುತ್ತಿರುವುದರಿಂದ ಶಾಲೆಗಳಲ್ಲಿ ಬಟ್ಟಲುಗಳನ್ನು ಮಾಡಿಸಲು ಆ ದಿನವು ತಕ್ಕುದು. ಬೇಸಗೆಯೂ ಆಗಲೇ ಬಲಿಯುವುದು. ಆರ್. ಕಲ್ಯಾಣಮ್ಮನವರು 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿ, ಮಕ್ಕಳಿಗೆ ಪಾಠದಷ್ಟೇ ಕೈಕೆಲಸವೂ ಆಟವೂ ಬೇಕೆಂಬುದನ್ನು ತೋರಿಸಿಕೊಟ್ಟರು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ಕೆಲಸದಲ್ಲಿ ಎಣಿಕೆ, ಗಂಟು, ಬೆಳೆ, ಜೀವದಯೆ ಎಲ್ಲವೂ ಅಡಕವಾಗಿರುವುವು.

ಜಮೀನುದಾರರು ಸುಗ್ಗಿಯಲ್ಲಿ ಬೆಂಗಳೂರಿನ ಮಕ್ಕಳಿಗೆ ರಾಗಿಯ ಮೂಟೆಯನ್ನು ಕಳುಹಿಸುವಾಗ, ಅದರೊಡನೆ ಒಂದು ಕಟ್ಟು ರಾಗಿಯ ತೆನೆಯನ್ನೂ ಕಳುಹಿಸುವುದು ಉತ್ತಮ. ಮುದ್ದೆಯನ್ನು ತಿಂದು ಬೆಳೆದರೂ ತೆನೆಯನ್ನು ಕಂಡಿರದ ಮಗುವು ಅದನ್ನು ಮಲ್ಲೇಶ್ವರದ ಮನೆಯ ಕಿಟಕಿಗೆ ಕಟ್ಟಲಿ. ಗುಬ್ಬಿ ಬಂದರೆ ಹಕ್ಕಿಯ ಪರಿಚಯವಾಗುವುದು. ಬಾರದಿದ್ದರೆ, ಏಕೆ ಬರಲಿಲ್ಲವೆಂದು ಮಗುವು ಕೇಳುವುದು. ಆ ಪ್ರಶ್ನೆಗೆ ಉತ್ತರವನ್ನು ಹೇಳಬಲ್ಲವನು ಊರಿನಲ್ಲಿರುವ ಅಜ್ಜನೇ. ಅಂತಹ ಮಗುವು ಮುಂದೆ ಆ ಜಮೀನಿಗೆ ಒಡೆಯನಾಗಿ ಬಂದಾಗ, ಔಷಧದ ಡಬ್ಬಿಯನ್ನು ತೆರೆಯುವ ಮೊದಲು ಒಮ್ಮೆ ತಲೆಯೆತ್ತಿ ಹೊಲದ ಮೇಲಣ ಹಕ್ಕಿಗಳನ್ನು ನೋಡುವನೆಂದು ನಂಬಬಹುದು.